ಆಯ್ತು ಸಾರ್!

ಶುಕ್ರವಾರ ಸಂಜೆ ಆರೂ ಹತ್ತು. ಬ್ಯಾಗಿನ ಜಿಪ್ ಎಳೆಯುತ್ತಿದ್ದೆ, ಮೇಲ್ ಬಂತು. ಪಿನ್ ಕಂಟ್ರೋಲ್ ಡ್ರೈವರ್ ಅನ್ನೋ ಪ್ರೋಗ್ರಾಮು, ವರ್ಶನ್ 7, ನಾನು ತಪ್ಪು ಹುಡುಕುವ ರಿವ್ಯೂಗೆ. ಜಿಪ್ ಅಲ್ಲೇ ಸಿಕ್ಕಿಕೊಂಡಿತು.

ಈ ಪಿನ್ ಕಂಟ್ರೋಲ್ ಏನು ಅಂತ ಮನೆಯಲ್ಲಿ ಕೇಳಿದರೆ ಕಲ್ಯಾಣ ಮಂಟಪದ ಮ್ಯಾನೇಜರ್ ಅನ್ನುತ್ತೇನೆ. ಚಿಪ್ಪಿಗೆ ಕಾಲು, ಅಂದರೆ ಪಿನ್ನು, ಕಡಿಮೆ; ಕೆಲಸ ಜಾಸ್ತಿ. ಒಂದೇ ಪಿನ್ನು ಸೀರಿಯಲ್ ಪೋರ್ಟಿಗೂ ಬೇಕು, ಚಿಪ್ಪುಗಳು ಒಂದಕ್ಕೊಂದು ಮಾತಾಡುವ ಐ2ಸಿ ತಂತಿಗೂ ಬೇಕು, ಸುಮ್ನೆ ಒಂದು ಎಲ್‌ಇಡಿ ಮಿನುಗಿಸುವುದಕ್ಕೂ ಬೇಕು. ಇಬ್ಬರು ಒಟ್ಟಿಗೆ ಬಂದರೆ, ಈ ಪಿನ್ನನ್ನು ಇಂಥವರು ಆಗಲೇ ತಗೊಂಡಿದ್ದಾರೆ, ನಿಮಗಿಲ್ಲ ಅಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಲಾಗಿನಲ್ಲಿ ಬರೆಯುತ್ತದೆ. ನಮ್ಮ ಬಡಾವಣೆಯ ಮಂಟಪದವನೂ ಇದನ್ನೇ ಹೇಳುತ್ತಾನೆ, ಇನ್ನೂ ಸ್ವಲ್ಪ ಜೋರಾಗಿ. ಲಿನಕ್ಸ್‌ಗೆ ಈ ಮ್ಯಾನೇಜರ್ ಬಂದದ್ದು 3.2ನೇ ಆವೃತ್ತಿಯಲ್ಲಿ, 2012ರ ಜನವರಿಗೆ. ಅಲ್ಲಿಯವರೆಗೆ ಒಂದೊಂದು ಚಿಪ್ಪಿನವರದ್ದು ಒಂದೊಂದು ಪದ್ಧತಿ.

ಡ್ರೈವರ್ ಬರೆದ ಹುಡುಗ ಹಾಸನದ ಕಡೆಯವನು. ಬುದ್ಧಿವಂತ. ಕೆಲಸದಲ್ಲಿ ಚುರುಕು. ತೊಂದರೆ ಇರುವುದೇ ಅಲ್ಲಿ. ನಾನು ಏನೇ ಕಾಮೆಂಟ್ ಬರೆದರೂ ಎರಡು ನಿಮಿಷಕ್ಕೆ ಉತ್ತರ: 'ಆಯ್ತು ಸಾರ್.'

ವರ್ಶನ್ 2ರಲ್ಲಿ ಒಂದು ಸ್ಪೆಲಿಂಗ್ ತಪ್ಪು ತೋರಿಸಿದೆ. ಆಯ್ತು ಸಾರ್. ವರ್ಶನ್ 3ರಲ್ಲಿ ಅದೊಂದು ಸರಿಯಾಗಿತ್ತು. ಅದೇ ಸಾಲನ್ನು ಕಾಪಿ ಹೊಡೆದಿದ್ದ ಇನ್ನು 35 ಕಡೆ ಹಾಗೇ ಇತ್ತು. ಗೋಡೆ ಸೋರುತ್ತಿದೆ ಅಂದರೆ ನಾವು ಬೆರಳಿಟ್ಟು ತೋರಿಸಿದ ಜಾಗಕ್ಕಷ್ಟೇ ಸಿಮೆಂಟ್ ಮೆತ್ತಿ ಹೋಗುವ ಮೇಸ್ತ್ರಿ ಇರುತ್ತಾನಲ್ಲ, ಥೇಟ್ ಅವನೇ. 'ಎಲ್ಲಾ ಕಡೆ ನೋಡಪ್ಪಾ' ಅಂದೆ. ಆ ಮಾತು ಆಡಬಾರದಿತ್ತು.

ವರ್ಶನ್ 5ರಲ್ಲಿ ಪುಲ್-ಅಪ್, ಪುಲ್-ಡೌನ್ ಗಲಾಟೆ. ಯಾರೂ ಕೇಳುವವರಿಲ್ಲದಾಗ ಪಿನ್ನನ್ನು 1ರ ಕಡೆಗೆ ಎಳೆದು ಹಿಡಿಯುವುದು ಅಪ್, 0ಯ ಕಡೆಗೆ ಎಳೆಯುವುದು ಡೌನ್. ಎರಡೂ ಇಲ್ಲದಿದ್ದರೆ ಪಿನ್ನು ತ್ರಿಶಂಕು, ಹತ್ತಿರ ಕೈ ತಂದರೂ ಮನಸ್ಸು ಬದಲಿಸಬಹುದು. ಇವನು ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್ಲಿಗೆ ಹೇಳುವ ಡಿವೈಸ್ ಟ್ರೀ ಫೈಲಿನಲ್ಲಿ ಅಪ್ ಇರಬೇಕಾದಲ್ಲಿ ಡೌನ್, ಡೌನ್ ಇರಬೇಕಾದಲ್ಲಿ ಅಪ್ ಹಾಕಿದ್ದ. 'ಅದಲುಬದಲಾಗಿದೆ, ಎಲ್ಲಾ ಕಡೆ ಸರಿ ಮಾಡು' ಅಂತ ಬರೆದೆ. ಆಯ್ತು ಸಾರ್.

ಮೊದಲು ಫೈಲಿನಲ್ಲಿದ್ದ ಅಪ್ ಎಲ್ಲವನ್ನೂ ಡೌನ್ ಮಾಡಿದ. ಆಮೇಲೆ ಡೌನ್ ಎಲ್ಲವನ್ನೂ ಅಪ್ ಮಾಡಿದ.

ಇನ್ನೊಮ್ಮೆ ನಿಧಾನವಾಗಿ ಓದಿ. ಹೌದು. ಹುಡುಕಿದರೂ ಒಂದು ಡೌನ್ ಇಲ್ಲ. ಕಂಪೈಲರ್ ತುಟಿ ಬಿಚ್ಚಲಿಲ್ಲ. ಸಾಲಿನ ಕೊನೆಗೆ ಒಂದು ಸ್ಪೇಸ್ ಉಳಿದರೂ ಕಿರುಚುವ ಚೆಕ್‌ಪ್ಯಾಚ್ ಸ್ಕ್ರಿಪ್ಟು, '0 ಎರರ್, 0 ವಾರ್ನಿಂಗ್' ಎಂದು ಬೆನ್ನು ತಟ್ಟಿತು. ಲ್ಯಾಬಿನಲ್ಲಿ ಬೋರ್ಡು ಬೂಟ್ ಆಗುತ್ತಲೇ ಸ್ಪೀಕರ್ ಆಂಪ್ಲಿಫೈಯರನ್ನು ಆನ್ ಮಾಡುವ ಎನೇಬಲ್ ಪಿನ್ನೂ ಮೇಲೆದ್ದು ಗುಂಯ್ ಅಂತ ಶುರುವಾಯಿತು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

'ಏನಪ್ಪಾ ಇದು?'

'ಎಲ್ಲಾ ಕಡೆ ಅಂದ್ರಲ್ಲ ಸಾರ್.'

ರೇಗಬೇಕಿತ್ತು. ಬಾಯಿ ಬರಲಿಲ್ಲ. ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟು 40 ಕಾಲಿನ 8051 ಚಿಪ್ಪಿನದ್ದು. ಅದರ ಪೋರ್ಟ್ 0ಗೆ ಪುಲ್-ಅಪ್ ಹೊರಗಿನಿಂದ ಕೊಡಬೇಕು ಅಂತ ಗೊತ್ತಿಲ್ಲದೆ ಎರಡು ರಾತ್ರಿ ಖಾಲಿ ಎಲ್‌ಸಿಡಿ ನೋಡುತ್ತಾ ಕೂತಿದ್ದೆ. ಮೂರನೇ ದಿನ ಎಸ್.ಪಿ. ರೋಡಿನಿಂದ 10ಕೆ ರೆಸಿಸ್ಟರ್ ತಂದು ಬೆಸೆದೆ. ಪರದೆ ಮೇಲೆ ನನ್ನ ಹೆಸರು ಮೂಡಿತು. ಮಲಗಿದ್ದ ಅಪ್ಪನನ್ನು ಎಬ್ಬಿಸಿ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು, 'ಸ್ಪೆಲಿಂಗ್ ಸರಿ ಇದೆಯಾ ನೋಡು' ಅಂದರು. ಈಗಿನ ಚಿಪ್ಪುಗಳಿಗೆ ಕಾಲು ಹೊಟ್ಟೆಯಡಿ ಇರುತ್ತವೆ. ಎಬ್ಬಿಸಿ ತೋರಿಸೋಣವೆಂದರೂ ಕಾಣುವುದಿಲ್ಲ.

ಇರಲಿ. ಶುಕ್ರವಾರ ಮತ್ತೆ ಕೂತೆ. ಒಂದೊಂದೇ ಪಿನ್ನನ್ನು ಡೇಟಾಶೀಟ್ ಜೊತೆ ತಾಳೆ ನೋಡಿದೆ. ಏಳೂವರೆಯಾಯಿತು. ಒಂದು ತಪ್ಪೂ ಸಿಗಲಿಲ್ಲ. ಒಪ್ಪಿಗೆ ಹಾಕಿ ಎದ್ದು ಹೋಗಬಹುದಿತ್ತು. ಆರು ವರ್ಶನ್ ಬೈದು ಅಭ್ಯಾಸವಾದ ಕೈ ಕೇಳಬೇಕಲ್ಲ? 212ನೇ ಸಾಲಿನ ಹತ್ತಿರ ಒಂದು ಖಾಲಿ ಸಾಲು ಜಾಸ್ತಿ ಕಂಡಿತು. ಬರೆದೆ.

'ಆಯ್ತು ಸಾರ್.'

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತಿದ್ದಾಗ ವರ್ಶನ್ 8 ಬಂತು. ಫೋನಿನಲ್ಲೇ ತೆರೆದೆ. ಇಡೀ ಫೈಲಿನಲ್ಲಿ ಒಂದೇ ಒಂದು ಖಾಲಿ ಸಾಲಿರಲಿಲ್ಲ.