ಬಿಳಿ ಗೆರೆ ಎಲ್ಲಿ ಅಂತ ಕಾರು ಕೇಳ್ತಿದೆ ಸ್ವಾಮಿ

ಕೊಡಗಿನ ರೋಡಲ್ಲಿ ಬಿಳಿ ಗೆರೆ ಎಲ್ಲಿ ಹೋಯ್ತು ಅಂತ ಇವತ್ತಿಗೂ ಕೇಳ್ತಿರೋದು ಒಂದೇ ಒಂದು ಜೀವ, ಅದು ಗೆರೆ ನೋಡ್ಕೊಂಡು ತಾನೇ ಸ್ಟೇರಿಂಗ್ ತಿರುಗಿಸೋ ಈ ಹೊಸ ಎಲೆಕ್ಟ್ರಿಕ್ ಕಾರು. ನಾವೆಲ್ಲ ಕೇಳೋದು ಬಿಟ್ಟು ಯಾವ ಕಾಲ ಆಯ್ತೋ. ಇಲ್ಲಿ ನಾಕು ಮಳೆಗಾಲ ಗಾಡಿ ಓಡಿಸ್ದೋರಿಗೆ ರೋಡ್ ಎಲ್ಲಿ ಮುಗೀತು ಚರಂಡಿ ಎಲ್ಲಿ ಶುರುವಾಯ್ತು ಅನ್ನೋದು ಕೂತಲ್ಲೇ ಗೊತ್ತಾಗುತ್ತೆ. ಕಾರಿಗೆ ಪಾಪ ಅದೆಲ್ಲ ಗೊತ್ತಿಲ್ಲ, ಕ್ಯಾಮೆರಾ ಬಿಟ್ಕೊಂಡು ಗೆರೆ ಹುಡುಕ್ತಾನೇ ಇರುತ್ತೆ, ಸಿಗದೇ ಇದ್ರೆ ಟುಂಯ್ ಅಂದು ಸ್ಟೇರಿಂಗ್ ನಿಮ್ಮ ಕೈಗೇ ಕೊಟ್ಟು ಸುಮ್ನಾಗುತ್ತೆ.

ಬೆಂಗಳೂರಲ್ಲಿ ಕೆಲಸ ಇರೋ ನಮ್ಮ ಹುಡುಗರು ಶುಕ್ರವಾರ ಸಂಜೆ ಹೊರಟು 250 ಕಿಲೋಮೀಟರ್ ಹತ್ರ ಓಡಿಸ್ಕೊಂಡು ಊರಿಗೆ ಬರ್ತಾರೆ, ಜಿಲ್ಲೆಗೆ ರೈಲು ಅನ್ನೋದೇ ಇಲ್ವಲ್ಲ. ಅವರಿಗೆ ಶೋರೂಂನೋರು ಹೇಳೋದು "ಸಾರ್ ಲೆವೆಲ್ ಟೂ ಇದು, ನೀವು ಸುಮ್ನೆ ಕೂತಿರಿ". ಲೆವೆಲ್ ಟೂ ಅಂದ್ರೆ ಕೈ ಸ್ಟೇರಿಂಗ್ ಮೇಲೇ ಇರ್ಬೇಕು, ಕಣ್ಣು ರೋಡ್ ಮೇಲೇ ಇರ್ಬೇಕು, ಅಂದ್ರೆ ಓಡಿಸೋದು ಅದು, ಕೇಸು ನಿಮ್ಮ ಮೇಲೆ. ಮೈಸೂರು ತನಕ ಪರ್ವಾಗಿಲ್ಲ, ಹೈವೇ ಮೇಲೆ 2023ರ ಆಗಸ್ಟಿಂದ ಬೈಕ್ ಆಟೋ ಬಿಡಲ್ಲ, ಗೆರೆಯೂ ಇದೆ, ಕಾರು ಖುಷಿಯಾಗಿರುತ್ತೆ. ಹುಣಸೂರು ದಾಟ್ಲಿ ನೋಡಿ.

ಮುಂದಿನ ಗಾಡಿಗೂ ತನಗೂ ಮಧ್ಯೆ ಜಾಗ ಬಿಡೋದು ಅದರ ಸಂಸ್ಕಾರ. ಪಿರಿಯಾಪಟ್ಟಣದ ಹತ್ರ ಜಾಗ ಬಿಡೋದು ಅಂದ್ರೆ ಬನ್ನಿ ಅಂತ ಕರೆದ ಹಾಗೆ, ಒಂದು ಆಟೋ ನುಗ್ಗುತ್ತೆ, ಕಾರು ಮರ್ಯಾದೆಯಿಂದ ಸ್ಲೋ ಆಗುತ್ತೆ, ಆ ಗ್ಯಾಪಿಗೆ ಪಿಕಪ್ ನುಗ್ಗುತ್ತೆ, ಇನ್ನೂ ಸ್ಲೋ, ಇದೇ ಥರ ಬಿಟ್ರೆ ರಿವರ್ಸಲ್ಲೇ ಮೈಸೂರು ಸೇರ್ಬಹುದು. ಇನ್ನು ಗೆರೆ ಇರೋ ಕಡೆ ಬೇರೆ ಪಜೀತಿ. ಗುಂಡಿ ತಪ್ಸೋಕೆ ನೀವು ಸ್ವಲ್ಪ ಬಲಕ್ಕೆ ಎಳೀತೀರಿ, ಇಂಡಿಕೇಟರ್ ಹಾಕಿರಲ್ಲ, ಗುಂಡಿಗೆಲ್ಲ ಯಾರ್ರೀ ಇಂಡಿಕೇಟರ್ ಹಾಕ್ತಾರೆ, ಇವನು ತೂಕಡಿಸ್ತಿದಾನೆ ಅಂದ್ಕೊಂಡು ಕಾರು ಸ್ಟೇರಿಂಗ್ ವಾಪಸ್ ಎಡಕ್ಕೆ ಎಳೆದು ನಿಮ್ಮನ್ನ ನೇರ ಗುಂಡಿಗೇ ಇಳಿಸುತ್ತೆ. ಬಹಳ ಶಿಸ್ತಾಗಿ, ಗೆರೆ ಒಳಗೇ.

ಸುಂಟಿಕೊಪ್ಪ ದಾಟಿ ತಿರುವು ಶುರುವಾದ್ರೆ ಸ್ಕ್ರೀನ್ ಮೇಲೆ ಕಾಫಿ ಕಪ್ಪಿನ ಚಿತ್ರ ಬರುತ್ತೆ, ನೀವು ದಣಿದಿದ್ದೀರಿ ರೆಸ್ಟ್ ತಗೊಳ್ಳಿ ಅಂತ. ಸ್ಟೇರಿಂಗ್ ಎಷ್ಟು ಅಲ್ಲಾಡ್ತು ಅಂತ ನೋಡಿ ದಣಿವು ಲೆಕ್ಕ ಹಾಕೋ ಜಾತಿ ಅದು. ದಣಿವಲ್ಲ ಮಾರಾಯ, ಘಾಟಿ! ಎರಡೂ ಕಡೆ ಕಾಫಿ ತೋಟ ಇಟ್ಕೊಂಡು ಕಾಫಿ ಕುಡೀರಿ ಅಂತ ಕಾರಿಂದ ಹೇಳಿಸ್ಕೋಬೇಕಾ ನಾವು. ಮಂಜು ಬಿದ್ರೆ ಇನ್ನೊಂದು, ಮುಂದಿನ ಕ್ಯಾಮೆರಾ ಕಾಣಿಸ್ತಿಲ್ಲ, ಕ್ಲೀನ್ ಮಾಡಿ ಅಂತೆ. ಮಡಿಕೇರಿ ಮಂಜನ್ನ ಯಾವ ಬಟ್ಟೇಲಿ ಒರೆಸೋದು? ಸಿದ್ದಾಪುರದ ಕಡೆ ಫ್ರೆಂಡ್ ಒಬ್ರಿಗೆ ರಾತ್ರಿ ಆನೆ ಅಡ್ಡ ನಿಂತಾಗ ಸ್ಕ್ರೀನಲ್ಲಿ ಲಾರಿ ಚಿತ್ರ ಬಂತಂತೆ. ತೂಕದ ಲೆಕ್ಕದಲ್ಲಿ ತೀರಾ ತಪ್ಪೇನಲ್ಲ, ಆದ್ರೆ ಲಾರಿಗೆ ಹಾರ್ನ್ ಹೊಡೆದ ಹಾಗೆ ಇದಕ್ಕೆ ಹೊಡೆದ್ರೆ ಕತೆ ಅಷ್ಟೇ.

ನಮ್ಮ ಬೀದೀಲೊಬ್ರು ಮಡಿಕೇರಿಯಿಂದ ಸಂಪಾಜೆಗೆ ಇಳಿಯೋವಾಗ ಕಾರು ತಾನೇ ಚಾರ್ಜ್ ಆಗುತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರು. ಆಗೋದು ನಿಜ. ಎರಡು ಟನ್ ಗಾಡಿ ಸಾವಿರ ಮೀಟರ್ ಹತ್ರ ಇಳಿದ್ರೆ 5 ಯೂನಿಟ್ ಚಿಲ್ಲರೆ ಲೆಕ್ಕ, ಅದರಲ್ಲಿ ಒಂದಷ್ಟು ಬ್ಯಾಟರಿಗೆ ವಾಪಸ್ ಬರುತ್ತೆ. ಇವರು ಮಾತ್ರ ಮನೇಲಿ ನೂರಕ್ಕೆ ನೂರು ಚಾರ್ಜ್ ಮಾಡ್ಕೊಂಡು ಘಾಟಿ ಇಳಿದ್ರು, ಫುಲ್ ಬ್ಯಾಟರಿಗೆ ಇನ್ನೆಲ್ಲಿ ತುಂಬೋದು, ಬ್ರೇಕ್ ಸವೀತು ಅಷ್ಟೆ. ಮತ್ತೆ ಮನೆ ಮೇಲಿದೆಯಲ್ಲ, ಹತ್ತಬೇಕಲ್ಲ.

2024ರಲ್ಲಿ ಸರ್ಕಾರ 25 ಲಕ್ಷ ಮೇಲಿನ ಎಲೆಕ್ಟ್ರಿಕ್ ಗಾಡಿಗೆ 10 ಪರ್ಸೆಂಟ್ ಲೈಫ್‌ಟೈಮ್ ಟ್ಯಾಕ್ಸ್ ಹಾಕ್ತು. ಹಾಕ್ಲಿ. ಆ ದುಡ್ಡಲ್ಲಿ ಎರಡು ಡಬ್ಬ ಬಿಳಿ ಪೇಂಟ್ ಬರಲ್ವಾ?

ಚಾರ್ಜಿಂಗ್ ಪಾಯಿಂಟಿಗೆ ಟೇಪ್ ಕಟ್ ಮಾಡೋದು, ಫ್ಲೆಕ್ಸ್ ಕಟ್ಟೋದು ಎಲ್ಲ ಬೇಸಿಗೇಲಿ. ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟ್ ಜಡಿಮಳೇಲಿ ಬಂದು ನೋಡಿ, ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿರುತ್ತೆ, ಚಾರ್ಜರ್ ಆನ್ ಆಗೋಕೆ ಓಟಿಪಿ ಬೇಕು, ಓಟಿಪಿ ಬರೋಕೆ ಟವರ್ ಬೇಕು, ಟವರಿಗೆ ಕರೆಂಟ್ ಬೇಕು. ಮೊನ್ನೆ ಮಳೇಲಿ ಹಿಂಗೇ ಸಿಕ್ಕಾಕೊಂಡ ಬೆಂಗಳೂರಿನ ದಂಪತಿ ಕಾರನ್ನ ಹೇಗೋ ಹೋಂಸ್ಟೇ ತನಕ ತಂದ್ರು, ಹಸಿರು ನಂಬರ್ ಪ್ಲೇಟು, ಹಿಂದೆ ಹೊಗೆ ಇಲ್ಲದ ಗಾಡಿ ಅಂತ ಸ್ಟಿಕ್ಕರು. ಓನರ್ ಒಳ್ಳೆ ಮನುಷ್ಯ, ಶೆಡ್ಡಿಂದ ಜನರೇಟರ್ ಎಳೆದು ತಂದು, ಕ್ಯಾನಲ್ಲಿದ್ದ ಡೀಸೆಲ್ ಸುರಿದು, ಹಗ್ಗ ಎಳೆದು ಸ್ಟಾರ್ಟ್ ಮಾಡಿ ಕಾರಿಗೆ ವೈರ್ ಕೊಟ್ರು. ಕಪ್ಪು ಹೊಗೆ ಬುಸುಬುಸು ಅಂತ ತೋಟದ ಮೇಲೆಲ್ಲ ಹೋಯ್ತು. ಒಂದು ಗಂಟೆ ಆದ್ಮೇಲೆ ಸ್ಕ್ರೀನ್ ಇಣುಕಿ ನೋಡಿದ್ರೆ ಬ್ಯಾಟರಿ ಅಲ್ಲಿಂದಲ್ಲಿಗೇ ಇದೆ, ಕ್ಯಾನ್ ಅರ್ಧ ಖಾಲಿ.

"ಅಲ್ಲಾ ಸಾರ್" ಅಂದ್ರಂತೆ ಓನರ್, "ಈ ಡೀಸೆಲ್ ನೇರ ಕಾರಿಗೇ ಹಾಕೋ ಥರದ್ದು ಯಾವುದೂ ಬಂದಿಲ್ವಾ ಇನ್ನೂ?"