ಬಂದು ನೋಡಿದ್ರೆ ಕೊಳೆ

ಬೆಳಿಗ್ಗೆ ಏಳೂಕಾಲಿಗೆ ಬಾಯಲ್ಲಿ ಹಲ್ಲುಜ್ಜೋ ಬ್ರಷ್ಷು, ಕಿವೀಲಿ ಇಯರ್‌ಫೋನು, ಎಡಗೈಲಿ ಮೊಬೈಲು ಇಟ್ಕೊಂಡು, ಬಲಗೈ ಎತ್ತಿ ಇಡೀ ಮನೆಗೆ "ಶ್ಶ್ಶ್" ಅಂತಿರೋ ಮನುಷ್ಯನನ್ನ ನೀವು ನೋಡಿಲ್ಲ ಅಂದ್ರೆ ಪುಣ್ಯವಂತರು, ನಮ್ಮನೆ ಬಾತ್‌ರೂಮ್ ಕನ್ನಡಿ ದಿನಾ ನೋಡುತ್ತೆ. ಬಾಯಿ ತುಂಬ ಪೇಸ್ಟ್ ಇದ್ದಾಗ ಶ್ಶ್ ಅನ್ಬಾರ್ದು ಅಂತ ನಂಗೂ ಗೊತ್ತು. ಆದ್ರೆ ಆ ಹೊತ್ತಲ್ಲಿ ರೇಡಿಯೋದ ಬೆಳಗಿನ ಶೋನಲ್ಲಿ ನನ್ನ ಜೋಕು ಬರೋ ಚಾನ್ಸ್ ಇರುತ್ತೆ, ಅಂಥ ಟೈಮಲ್ಲಿ ಕನ್ನಡಿ ಬಗ್ಗೆ ಯಾರು ಯೋಚ್ನೆ ಮಾಡ್ತಾರೆ.

ಶುರುವಾಗಿದ್ದು ಒಂದೇ ಒಂದು ಲೈನಿಂದ. ವರ್ಷಗಟ್ಟಲೆ ಸುಮ್ನೆ ಕೇಳ್ಕೊಂಡಿದ್ದವನು ನಾನು, ಒಂದಿನ ಆರ್‌ಜೆ "ನಿಮ್ಮ ಹತ್ರನೂ ಏನಾದ್ರೂ ಕಾಮಿಡಿ ಇದ್ರೆ ಕಳ್ಸಿ" ಅಂದಿದ್ದೇ ತಡ, "ಅಲಾರಂ ಆಫ್ ಮಾಡಿ ಐದು ನಿಮಿಷ ಮಲಗೋದು ಸಾಲ ಮಾಡ್ದಂಗೆ, ಬಡ್ಡಿ ಆಫೀಸಲ್ಲಿ ಕಟ್ಬೇಕು" ಅಂತ ಟೈಪ್ ಮಾಡಿ ವಾಟ್ಸಾಪ್ ಮಾಡಿದೆ. ಓದಿದ್ರು. ಓದಿ "ಹ್ಹ" ಅಂದ್ರು. ಹ್ಹ ಅಷ್ಟೇ, ಹ್ಹಹ್ಹಹ್ಹ ಅಲ್ಲ, ಅದು ನಗುನೋ ಕೆಮ್ಮೋ ಅಂತ ಇವತ್ತಿಗೂ ಡೌಟಿದೆ, ಆದ್ರೆ ಅವತ್ತಿಂದ ನಾನು ಒಬ್ಬ ಹಾಸ್ಯ ಸಾಹಿತಿ. "ಮುಂಜಾನೆ ಮಾರುತ" ಅಂತ ಹೆಸರು ಬೇರೆ ಇಟ್ಕೊಂಡೆ. ಹೆಂಡತಿ ಹೆಸರು ಕೇಳಿ "ಮಾರುತ ಅಂದ್ರೆ ಗಾಳಿ ಅಲ್ವೇನ್ರೀ, ಸರಿಯಾಗೇ ಇದೆ" ಅಂದ್ಲು. ಮೆಚ್ಚುಗೆ ಅಂದ್ಕೊಂಡೆ.

ಆಮೇಲೆ ಗೊತ್ತಾಯ್ತು ರೇಡಿಯೋಗೆ ಬರೆಯೋದು ಅಂದ್ರೆ ಏನು ಅಂತ. ಎರಡು ಹಾಡುಗಳ ಮಧ್ಯೆ ಆರ್‌ಜೆ ಮಾತಾಡ್ತಾರಲ್ಲ, ಅದಕ್ಕೆ ಅವ್ರ ಭಾಷೇಲಿ ಲಿಂಕ್ ಅಂತಾರೆ. ಆ ಲಿಂಕಲ್ಲಿ ಟೈಮ್ ಹೇಳ್ಬೇಕು, ಸ್ಟೇಷನ್ ಹೆಸ್ರು ಫ್ರೀಕ್ವೆನ್ಸಿ ಹೇಳ್ಬೇಕು, ಟ್ರಾಫಿಕ್ ಹೇಳ್ಬೇಕು, ಮುಂದೆ ಯಾವ ಹಾಡು ಅಂತ ಹೇಳ್ಬೇಕು, ಇದೆಲ್ಲ ಆಗಿ ಉಳಿದಿದ್ದು ಕಾಮಿಡಿಗೆ, ಅಂದ್ರೆ ಹದಿನೈದಿಪ್ಪತ್ತು ಸೆಕೆಂಡು. ನಾನು ಕಳಿಸಿದ ಎರಡನೇ ಐಟಂ ಎರಡು ಪುಟ ಇತ್ತು, ಸ್ಟಾಪ್‌ವಾಚ್ ಇಟ್ಟು ಓದಿ ನೋಡಿದ್ರೆ ನಮ್ಮ ಹೀರೋ ಮನೆಯಿಂದ ಚಪ್ಪಲಿ ಹಾಕ್ಕೊಂಡು ಹೊರಡೋಷ್ಟರಲ್ಲೇ ನಲವತ್ತು ಸೆಕೆಂಡು ಆಗಿತ್ತು. ಕತ್ತರಿಸ್ದೆ. ಚಪ್ಪಲಿ ತೆಗ್ದೆ, ಮನೆ ತೆಗ್ದೆ, ಕೊನೆಗೆ ಹೀರೋನೂ ತೆಗ್ದೆ, ಬರೀ ಪಂಚ್ ಉಳೀತು. ಅದನ್ನ ಆರ್‌ಜೆ ಹಾಡಿನ ಶುರುವಿನ ಮ್ಯೂಸಿಕ್ ಮೇಲೆ ಓದಿದ್ರು. ಅದೂ ಒಂದು ಕಲೆ ನೋಡಿ, ಮ್ಯೂಸಿಕ್ ಓಡ್ತಿರೋವಾಗ ಮಾತಾಡ್ತಾ ಮಾತಾಡ್ತಾ ಗಾಯಕ ಬಾಯಿ ತೆಗೆಯೋಕೆ ಅರ್ಧ ಸೆಕೆಂಡ್ ಮುಂಚೆ ನಿಲ್ಲಿಸ್ಬೇಕು, ಕರೆಕ್ಟಾಗಿ ನಿಲ್ಲಿಸೋರನ್ನ ಕೇಳೋದೇ ಒಂದು ಸುಖ. ಅವತ್ತು ನಿಲ್ಲಿಸ್ಲಿಲ್ಲ. ನನ್ನ ಪಂಚಿನ ಕೊನೇ ಪದದ ಮೇಲೆ ಗಾಯಕರು "ಆಆಆ" ಅಂತ ಆಲಾಪ ತೆಗೆದ್ರು. ಕೇಳಿದವ್ರಿಗೆ ಹೆಂಗನ್ಸಿರುತ್ತೆ ಅಂದ್ರೆ ಜೋಕ್ ತಡ್ಕೊಳ್ಳೋಕಾಗ್ದೆ ಯಾರೋ ಕಿರುಚಿದ್ರು ಅಂತ.

ಇನ್ನೊಂದು ಕಷ್ಟ ನಮ್ಮ ಭಾಷೇದೇ. ಜೋಕಲ್ಲಿ ನಗು ಬರೋ ಪದ ಕೊನೇಲಿರ್ಬೇಕು, ಆಮೇಲೆ ಏನೂ ಇರ್ಬಾರ್ದು. ನಮ್ಮಲ್ಲಿ ಕೊನೇಲಿ ಯಾವಾಗ್ಲೂ ಕ್ರಿಯಾಪದ ಬಂದು ಕೂತ್ಕೊಂಡಿರುತ್ತೆ. ನಾನು ಒದ್ದಾಡಿ ಒದ್ದಾಡಿ ವಾಕ್ಯನ ತಿರುಚಿ ಪಂಚ್ ಪದನ ಕೊನೆಗೆ ತಂದಿಟ್ರೆ ಆರ್‌ಜೆ ಅವ್ರು ಅದನ್ನ ಓದಿ, ಮರ್ಯಾದೆಗೋಸ್ಕರ "ಅಂತ ಹೇಳಿದ್ರಂತೆ ಅವ್ರು, ಹಾಗಂತ ಮುಂಜಾನೆ ಮಾರುತ ಅವ್ರು ಬರ್ದು ಕಳಿಸಿದ್ದಾರೆ ನೋಡಿ ಸ್ನೇಹಿತ್ರೇ" ಅಂತ ಬಾಲ ಅಂಟಿಸ್ತಾರೆ. ಬಲೂನು ಉಬ್ಬಿಸಿ ಉಬ್ಬಿಸಿ ಇನ್ನೇನು ಒಡೀಬೇಕು ಅನ್ನೋವಾಗ ಮೆಲ್ಲಗೆ ದಾರ ಬಿಚ್ಚಿ ಗಾಳಿ ಬಿಟ್ಟಂಗೆ.

ಆದ್ರೆ ಇದೆಲ್ಲ ಏನೂ ಅಲ್ಲ, ನಿಜವಾದ ದುರಂತ ಆಗಿದ್ದು ಕೊಳೆ ಜೋಕಲ್ಲಿ. ತುಂಬಾ ಯೋಚ್ನೆ ಮಾಡಿ, ಕಿವಿಗೆ ಮಾತ್ರ ಕೆಲಸ ಮಾಡೋ ಜೋಕು ಬೇಕು ಅಂತ ಒಂದು ಅಕ್ಷರದ ಮೇಲೆ ಆಟ ಆಡಿದ್ದೆ. "ಮನೇಲಿ ಕೊಲೆ ಆಗಿದೆ ಅಂತ ಫೋನ್ ಬಂತು, ಪೊಲೀಸ್ರು ಓಡೋಡಿ ಬಂದು ನೋಡಿದ್ರೆ, ಕೊಳೆ." ಹತ್ತು ಸೆಕೆಂಡಿನ ಒಳಗೆ, ಕ್ರಿಯಾಪದ ಇಲ್ಲ, ಪಂಚ್ ಕೊನೇಲಿ. ರತ್ನ. ಒಂದೇ ಒಂದು ವಿಷಯ ಮರ್ತಿದ್ದೆ, ಅವತ್ತು ಮಾಮೂಲಿ ಆರ್‌ಜೆ ರಜೆ, ಅವ್ರ ಬದಲು ಬಂದಿದ್ದ ಹುಡುಗನಿಗೆ ಲ-ಳ ಎರಡೂ ಒಂದೇ. ಗಂಭೀರವಾಗಿ ಓದಿದ. "ಮನೇಲಿ ಕೊಲೆ ಆಗಿದೆ ಅಂತ ಫೋನ್ ಬಂತು, ಪೊಲೀಸ್ರು ಓಡೋಡಿ ಬಂದು ನೋಡಿದ್ರೆ, ಕೊಲೆ."

ಇದು ಜೋಕಲ್ಲ, ಎಫ್ಐಆರ್.

ಅಷ್ಟಕ್ಕೇ ನಿಂತಿದ್ರೂ ಜನ ಏನೋ ನ್ಯೂಸ್ ಅಂದ್ಕೊಂಡು ಬಿಡ್ತಿದ್ರು. ಪಕ್ಕದಲ್ಲಿದ್ದ ಇನ್ನೊಬ್ಬ ಪುಣ್ಯಾತ್ಮ ನಗುವಿನ ಬಟನ್ ಒತ್ತಿಬಿಟ್ಟ. ಈ ರೆಡಿಮೇಡ್ ನಗು ಇದ್ಯಲ್ಲ, 1950ರ ದಶಕದಲ್ಲಿ ಅಮೆರಿಕದಲ್ಲಿ ಚಾರ್ಲಿ ಡಗ್ಲಸ್ ಅಂತ ಒಬ್ಬ ಸೌಂಡ್ ಇಂಜಿನಿಯರು ಟೀವಿ ಕಾರ್ಯಕ್ರಮಗಳಿಗೆ ಅಂತ ಒಂದು ಪೆಟ್ಟಿಗೆ ಮಾಡಿದ್ದನಂತೆ, ಕೀ ಒತ್ತಿದ್ರೆ ಬೇಕಾದ ಥರದ ನಗು ಬರ್ತಿತ್ತು, ಮುಸಿಮುಸಿ ಬೇಕಾದ್ರೆ ಮುಸಿಮುಸಿ, ಹೊಟ್ಟೆ ಹಿಡ್ಕೊಂಡು ನಗೋದು ಬೇಕಾದ್ರೆ ಅದು. ಆ ಮನುಷ್ಯನ ಕೈಲಿದ್ದಿದ್ರೆ ಹದ ನೋಡಿ ಒತ್ತುತ್ತಿದ್ದ. ನಮ್ಮವ್ರ ಹತ್ರ ಇರೋದು ಒಂದೇ ಬಟನ್ನು, ನೂರಾರು ಜನ ಕುರ್ಚಿಯಿಂದ ಬಿದ್ದು ನಗೋದು. ಪೊಲೀಸ್ರು ಬಂದು ನೋಡಿದ್ರೆ ಕೊಲೆ, ಹೋ ಹೋ ಹೋ ಅಂತ ಚಪ್ಪಾಳೆ ಶಿಳ್ಳೆ. ಆ ಮೇಲೆ ಟ್ರಾಫಿಕ್ ಅಪ್‌ಡೇಟು. ಬೆಳ್ಳಂಬೆಳಿಗ್ಗೆ ಸಾವಿನ ವಿಷಯದಲ್ಲಿ ಇಂಥ ಕ್ರೂರ ಹಾಸ್ಯ ಮಾಡಿರೋ ಮುಂಜಾನೆ ಮಾರುತ ಎಂಥ ಮನುಷ್ಯ ಅಂತ ಇಬ್ರು ಕೇಳುಗರು ಮೆಸೇಜ್ ಹಾಕಿದ್ರು, ಅದನ್ನೂ ಓದಿದ್ರು, ಅದನ್ನ ಮಾತ್ರ ಅಕ್ಷರ ಸ್ಪಷ್ಟವಾಗಿ.

ಇದನ್ನೆಲ್ಲ ನಾನು ಕೇಳೋದೂ ಒಂದು ರೀತಿ ಶಿಕ್ಷೆ. ನಾನು ಆಪಲ್ಲಿ ಕೇಳ್ತೀನಿ, ಹೆಂಡತಿ ಅಡುಗೆಮನೇಲಿ ಹಳೇ ಎಫ್‌ಎಂ ಸೆಟ್ಟಲ್ಲಿ ಕೇಳ್ತಾಳೆ. ಎಫ್‌ಎಂ ಗಾಳೀಲಿ ನೇರ ಬಂದುಬಿಡುತ್ತೆ, ಆಪಲ್ಲಿ ಬರೋದು ಇಂಟರ್ನೆಟ್ಟಲ್ಲಿ ಎಲ್ಲೆಲ್ಲೋ ಹೋಗಿ ಬಫರ್ ಆಗಿ ಸುಮಾರು ಅರ್ಧ ನಿಮಿಷ ಲೇಟಾಗಿ ಬರುತ್ತೆ. ಹಾಗಾಗಿ ನನ್ನ ಜೋಕಿನ ಹಣೆಬರಹ ನಂಗೆ ಮೊದಲೇ ಅಡುಗೆಮನೆಯಿಂದ ಗೊತ್ತಾಗುತ್ತೆ. ನನ್ನ ಕಿವೀಲಿ ಆರ್‌ಜೆ "ಈಗ ಮುಂಜಾನೆ ಮಾರುತ ಅವ್ರಿಂದ" ಅಂತ ಶುರು ಮಾಡೋ ಹೊತ್ತಿಗೆ ಆ ಕಡೆಯಿಂದ "ಅಯ್ಯೋ ರಾಮ" ಅಂತ ಕೇಳಿ ಆಗಿರುತ್ತೆ. ತೀರ್ಪು ಬಂದ ಮೇಲೆ ವಿಚಾರಣೆ ಕೇಳೋ ಕೈದಿ ನಾನು. ನೀನೂ ಆಪಲ್ಲೇ ಕೇಳೇ ಅಂದ್ರೆ, "ನಂಗೆ ಯಾಕ್ರೀ ಅದೆಲ್ಲ, ಮೊದಲು ಗೊತ್ತಾಗೋದೇ ಚೆನ್ನ" ಅಂತಾಳೆ.

ಮಧ್ಯದಲ್ಲಿ ಓದು ಜಾಸ್ತಿಯಾಗಿ ಇನ್ನೊಂದು ಎಡವಟ್ಟು ಮಾಡ್ಕೊಂಡೆ. ಜ್ಯಾಕ್ ಬೆನ್ನಿ ಅಂತ ಅಮೆರಿಕದ ರೇಡಿಯೋ ಕಾಮಿಡಿಯನ್, ಶೋನಲ್ಲಿ ಮಹಾ ಜಿಪುಣನ ಪಾತ್ರ ಮಾಡ್ತಿದ್ದ. 1948ರಲ್ಲಿ ಒಂದು ಎಪಿಸೋಡಲ್ಲಿ ಕಳ್ಳ ಬಂದು ದುಡ್ಡು ಬೇಕಾ ಪ್ರಾಣ ಬೇಕಾ ಅಂತ ಕೇಳ್ತಾನೆ, ಬೆನ್ನಿ ಸುಮ್ನಿರ್ತಾನೆ. ಸುಮ್ನೇ ಇರ್ತಾನೆ. ಆ ಮೌನಕ್ಕೇ ಜನ ಬಿದ್ದು ಬಿದ್ದು ನಕ್ಕರು, ಕಳ್ಳ ಮತ್ತೆ ಜೋರು ಮಾಡಿದ ಮೇಲೆ ಯೋಚ್ನೆ ಮಾಡ್ತಿದೀನಪ್ಪ ಅಂತಾನೆ. ರೇಡಿಯೋದಲ್ಲಿ ಏನೂ ಮಾತಾಡ್ದೆ ನಗಿಸಿದ್ದು! ಇದು ನನ್ನ ತಲೆ ಕೆಡಿಸ್ತು. ನಾನೂ ಒಂದು ಜೋಕು ಬರ್ದು, ಪಂಚಿಗೆ ಮುಂಚೆ ಬ್ರ್ಯಾಕೆಟ್ಟಲ್ಲಿ "ಇಲ್ಲಿ ಹತ್ತು ಸೆಕೆಂಡು ಸುಮ್ಮನಿರಬೇಕು" ಅಂತ ಹಾಕಿದೆ. ಆರ್‌ಜೆ ಒಂಚೂರೂ ನಿಲ್ಲಿಸ್ದೆ, ಆ ಬ್ರ್ಯಾಕೆಟ್ಟನ್ನೂ ಸೇರಿಸ್ಕೊಂಡು ಓದಿದ್ರು. "ಆಗ ಹೆಂಡತಿ ಹೇಳಿದ್ಲು ಇಲ್ಲಿ ಹತ್ತು ಸೆಕೆಂಡು ಸುಮ್ಮನಿರಬೇಕು." ಗಂಡಂದಿರಿಗೆ ಅದೇ ಒಳ್ಳೇ ಬುದ್ಧಿಮಾತು ಅನ್ನಿಸ್ತೋ ಏನೋ, ಯಾರೋ ನಕ್ಕಂಗಾಯ್ತು. ನಾನು ಸಿಟ್ಟಲ್ಲಿ ಮೆಸೇಜ್ ಮಾಡಿದ್ದಕ್ಕೆ ಪ್ರೊಡ್ಯೂಸರ್ ಪಾಪ ಸಮಾಧಾನವಾಗಿ ವಾಯ್ಸ್ ನೋಟ್ ಕಳಿಸಿದ್ರು. ಸರ್, ಸ್ಟೇಷನಲ್ಲಿ ಸದ್ದು ನಿಂತ್ರೆ ಪತ್ತೆ ಹಚ್ಚೋ ಒಂದು ಮಷೀನ್ ಇದೆ, ಇಂತಿಷ್ಟು ಸೆಕೆಂಡು ಏನೂ ಕೇಳಿಸ್ಲಿಲ್ಲ ಅಂದ್ರೆ ಸ್ಟುಡಿಯೋಗೇ ಏನೋ ಆಗಿದೆ ಅಂದ್ಕೊಂಡು ಅದಾಗದೇ ಯಾವ್ದೋ ಹಾಡು ಹಾಕಿಬಿಡುತ್ತೆ, ನಿಮ್ಮ ಮೌನ ಏನಾದ್ರೂ ಉದ್ದ ಆದ್ರೆ ಪಂಚ್ ಬದಲು ಹಾಡು ಬರುತ್ತೆ ಅಂತ. ಹಾಸ್ಯ ಅರ್ಥ ಆಗದೇ ಇರೋರನ್ನ ನೋಡಿದ್ದೆ, ಅದಕ್ಕೆ ಅಂತ್ಲೇ ಮಷೀನ್ ಇಟ್ಟಿರೋದು ಅವತ್ತೇ ಗೊತ್ತಾಗಿದ್ದು.

ಒಂದು ಸಲ ಲೈವ್ ಕಾಲಲ್ಲೂ ತಗೊಂಡ್ರು. ನಂಗೆ ಸಿಕ್ಕ ಇಪ್ಪತ್ತು ಸೆಕೆಂಡಲ್ಲಿ ಹದಿನೆಂಟು ಸೆಕೆಂಡು "ಸರ್ ಹಿಂದೆ ರೇಡಿಯೋ ವಾಲ್ಯೂಮ್ ಕಮ್ಮಿ ಮಾಡಿ", "ಮಾಡಿದೆ ಸರ್", "ಇನ್ನೊಂದು ಕೇಳಿಸ್ತಿದೆ ಸರ್", "ಅದು ಅಡುಗೆಮನೇದು ಸರ್, ಲೇ ಕಮ್ಮಿ ಮಾಡೇ" ಇದರಲ್ಲೇ ಹೋಯ್ತು, ಉಳಿದ ಎರಡು ಸೆಕೆಂಡಲ್ಲಿ ನಾನು ನಮಸ್ಕಾರ ಅಂದೆ.

ಯಶಸ್ಸು ಸಿಗ್ಲೇ ಇಲ್ಲ ಅಂತಲ್ಲ. ನಮ್ಮ ಆಫೀಸಿನ ಮ್ಯಾನೇಜರ್ ಮೇಲೆ ಒಂದು ಬರೆದಿದ್ದೆ. "ಮೀಟಿಂಗಲ್ಲಿ ಸಾಹೇಬ್ರು ಕೊನೇದಾಗಿ ಒಂದೇ ಮಾತು ಅಂದ್ರು, ಬ್ಯಾಗ್ ಹೆಗಲಿಗೆ ಹಾಕ್ಕೊಂಡೆ, ಹೆಗಲು ನೋವು ಬಂತು, ಬ್ಯಾಗ್ ವಾಪಸ್ ಇಳಿಸ್ದೆ." ಚೆನ್ನಾಗಿ ಓದಿದ್ರು, ಬಾಲನೂ ಅಂಟಿಸ್ಲಿಲ್ಲ. ಆಫೀಸಿಗೆ ಹೋದ್ರೆ ಸಾಹೇಬ್ರು ಕಾರಲ್ಲಿ ಕೇಳ್ಕೊಂಡು ಬಂದಿದ್ದಾರೆ! ನನ್ನನ್ನ ಕರೆದು ಕೂರಿಸ್ಕೊಂಡು, ಕಣ್ಣಲ್ಲಿ ನೀರು ಬರೋ ಹಂಗೆ ನಗ್ತಾ ನನ್ನ ಜೋಕನ್ನ ನಂಗೇ ಹೇಳಿದ್ರು, ಬ್ಯಾಗಿನ ಜಾಗದಲ್ಲಿ ಛತ್ರಿ ಹಾಕಿ, ಹೆಗಲು ಬಿಟ್ಟು. "ಥೇಟ್ ನಮ್ಮಣ್ಣ ಕಣ್ರೀ, ಅವ್ನೂ ಹಿಂಗೇ, ಶುರು ಮಾಡಿದ್ರೆ ಮುಗಿಸೋದೇ ಇಲ್ಲ" ಅಂತ ಅಣ್ಣನ ಬಗ್ಗೆ ಮುಕ್ಕಾಲು ಗಂಟೆ ಹೇಳಿ, ಕೊನೇದಾಗಿ ಒಂದೇ ಮಾತು ಅಂದ್ರು. ಮನೆಗೆ ಬಂದು ಹೆಂಡತಿಗೆ ಹೇಳ್ದೆ, ಅಲ್ಲ ಕಣೇ, ತನ್ನ ಬಗ್ಗೇನೇ ಹೇಳ್ತಿದಾರೆ ಅಂತ ಗೊತ್ತಾಗಲ್ವಲ್ಲ ಜನಕ್ಕೆ, ಎಂಥಾ ದಡ್ರಿರ್ತಾರೆ ಅಂತ. ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ "ಹೌದ್ರೀ ಪಾಪ" ಅಂದ್ಲು.

ಈಗ ನನ್ನ ತಲೆನೋವು ಬೇರೆ. ಎರಡು ತಿಂಗಳಿಂದ ಶೋಗೆ ಒಬ್ಳು ಹೊಸಬಳು ಬಂದಿದ್ದಾಳೆ, "ಪಕ್ಕದ ರೂಮಿಂದ" ಅನ್ನೋ ಹೆಸ್ರಲ್ಲಿ ಕಳಿಸ್ತಾಳೆ. ಎಲ್ಲಾ ಅವಳ ಗಂಡನ ಮೇಲೇನೇ. "ನಮ್ಮನೆಯವ್ರು ಮಧ್ಯರಾತ್ರಿ ಎದ್ದು ಕೂತು ಒಬ್ರೇ ನಗ್ತಾರೆ, ದೆವ್ವ ಹಿಡಿದಿದೆ ಅಂದ್ಕೊಂಡೆ, ದೆವ್ವ ಆಗಿದ್ರೆ ಎಷ್ಟೋ ವಾಸಿ, ಅದು ಬರೆದಿದ್ದನ್ನ ನಂಗೆ ಓದಿ ತೋರಿಸ್ತಿರ್ಲಿಲ್ಲ." ಇನ್ನೊಂದು ದಿನ, "ಬೆಳಿಗ್ಗೆ ಒರೆಸಿ ಒರೆಸಿ ಬಾತ್‌ರೂಮ್ ಕನ್ನಡಿ ಹೊಳೀತು, ನಮ್ಮನೆಯವ್ರಿಗೆ ಮಾತ್ರ ಇನ್ನೂ ಒಂದು ಜೋಕೂ ಹೊಳೀಲಿಲ್ಲ." ಅವತ್ತೂ ಆ ಲ-ಳ ಹುಡುಗನೇ ಇದ್ದದ್ದು, ಕನ್ನಡಿ "ಹೊಲೀತು" ಅಂತ್ಲೇ ಓದಿದ, ಆದ್ರೂ ಜನ ನಕ್ಕರು, ಅದೇ ನಂಗೆ ಉರಿ. ಲೈವ್ ಕಾಲಲ್ಲಿ ರೇಡಿಯೋ ಕಮ್ಮಿ ಮಾಡೋಕೆ ಹೆಂಡತಿನ ಗದರೋ ಗಂಡನ ಬಗ್ಗೆನೂ ಒಂದು ಬಂತು. ಅದನ್ನ ಕೇಳಿ ನಾನೇ ಬಿದ್ದು ಬಿದ್ದು ನಕ್ಕೆ, ಸುಳ್ಳು ಯಾಕೆ ಹೇಳ್ಲಿ, ಎಂಥೆಂಥಾ ಗಂಡಂದಿರಿರ್ತಾರೆ ಪಾಪ ಆ ಹೆಣ್ಣುಮಗಳು ಹೆಂಗೆ ಸಂಸಾರ ಮಾಡ್ತಾಳೋ ಅಂದೆ. ನಮ್ಮವಳು ಬಾಯಿಗೆ ಸೆರಗು ಮುಚ್ಕೊಂಡು ಒಳಗೆ ಹೋದ್ಲು. ಅವಳಿಗೂ ಪಾಪ ಅನ್ನಿಸಿರ್ಬೇಕು, ಮೆತ್ತನೆ ಮನಸ್ಸು.

ಆ ಪಕ್ಕದ ರೂಮಿನವಳಿಗೆ ಹೋದ ತಿಂಗಳು "ತಿಂಗಳ ಕೇಳುಗರು" ಅಂತ ಸ್ಟೇಷನ್ ಹೆಸ್ರಿರೋ ಮಗ್ ಕೊಟ್ರು. ಎರಡು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ನನ್ನ ಅವಸ್ಥೆ ನೋಡಿಯೋ ಏನೋ, ನಾಲ್ಕು ದಿನ ಆದ್ಮೇಲೆ ಹೆಂಡತಿ ಅದೇ ಥರದ್ದೇ ಮಗ್ ತಂದು ನನ್ನ ಟೇಬಲ್ ಮೇಲಿಟ್ಲು, ಅದೇ ಬಣ್ಣ, ಅದೇ ಹೆಸ್ರು. ಎಲ್ಲಿ ಸಿಕ್ತೇ ಅಂದ್ರೆ "ಏನೋ ಆಫರಲ್ಲಿ ಬಂತು ರೀ" ಅಂದ್ಲು. ಅದು ಸ್ಪರ್ಧೆ ಗೆದ್ದಿದ್ದಲ್ಲ ಅನ್ನೋ ಬೇಜಾರು ಇದೆ, ಆದ್ರೂ ಪೆನ್ನೆಲ್ಲ ಅದ್ರಲ್ಲೇ ಹಾಕಿಟ್ಟಿದ್ದೀನಿ. ನಿನ್ನೆ ರಾತ್ರಿ ಅದರಿಂದ್ಲೇ ಒಂದು ಪೆನ್ ತಗೊಂಡು ಆ ಪಕ್ಕದ ರೂಮಿನವಳ ಗಂಡನ ಮೇಲೆ ಒಂದು ಒಳ್ಳೇ ಜೋಕು ಬರೆದಿದ್ದೀನಿ, ಹನ್ನೆರಡೇ ಸೆಕೆಂಡು, ಎಲ್ಲೂ ಒಂದು ಳ ಇಲ್ಲ. ನಾಳೆ ಏಳೂಕಾಲಿಗೆ ಓದ್ತಾರೆ ಅಂತ ಪ್ರೊಡ್ಯೂಸರ್ ಮೆಸೇಜ್ ಮಾಡಿದ್ದಾರೆ, ಹೆಂಡತಿಗೂ ಓದಿ ತೋರಿಸ್ದೆ, ಇದುವರೆಗೆ ನೀವು ಬರೆದಿರೋದ್ರಲ್ಲೇ ಇದು ಬೆಸ್ಟ್ ಅಂತ ಮೊದಲ್ನೇ ಸಲ ಒಪ್ಕೊಂಡ್ಲು.