ಪುಕ್ಕಟ ಪಿಡಿಎಫ್‌ನ ಬಿಲ್ಲು

ಹೋದ ಜೂನ್‌ನ್ಯಾಗ ಒಂದಿನ ಸಂಜಿಮುಂದ ನಮ್ಮ ಮನಿಯವರು ಗಾಡಿ ಚಾವಿ ಹುಡುಕ್ಲಿಕ್ಕ ನನ್ನ ಬ್ಯಾಗಿನ್ಯಾಗ ಕೈ ಹಾಕಿ, ಚಾವಿ ಬದಲಿ ಝರಾಕ್ಸ್ ಅಂಗಡಿ ಚೀಟಿ ತಗದ್ರು. 800 ರೂಪಾಯಿ. ಏನಿದು ಅಂದ್ರು. ಏನಿಲ್ರೀ, ಸಾಲಿಗೆ ಬೇಕಾಗಿದ್ದ ಕಾರ್ಡು, ಚಾರ್ಟು, ಎಲ್ಲಾ ಪುಕ್ಕಟ ಸಿಕ್ಕಾವು ಅಂದೆ. ಅವರು ಚೀಟಿ ಇನ್ನೊಮ್ಮೆ ತಿರುಗಿಸಿ ಮುರುಗಿಸಿ ನೋಡಿ, "ಪುಕ್ಕಟ ಸಿಕ್ಕಿದ್ದಕ್ಕ 800 ಆತು, ರೊಕ್ಕ ಕೊಟ್ಟು ತಂದಿದ್ರ ಹೊಲಾನ ಮಾರಬೇಕಾಗ್ತಿತ್ತಲ್ಲ" ಅಂತ ಹೇಳಿ ಚಾವಿ ಟಿವಿ ಮ್ಯಾಲಿಂದ ತಗೊಂಡು ಹ್ವಾದ್ರು.

ನಾ ವಿಜಯಪುರದ ಹತ್ರ ಒಂದು ಹಳ್ಳಿ ಸಾಲ್ಯಾಗ ನಲಿಕಲಿ ಅಕ್ಕೋರು. ನಲಿಕಲಿ ಅಂದ್ರ ಒಂದರಿಂದ ಮೂರನೇತ್ತಾದ ತನಕ ಎಲ್ಲಾ ಹುಡುಗೂರು ಒಂದ ಖೋಲ್ಯಾಗ, ನಂದು 27 ಮಂದಿ. ಇಲಾಖೆಯವರು ಕಾರ್ಡು ಕೊಟ್ಟಾರ, ಯಾವ ಕಾರ್ಡ್ ಆದ ಮ್ಯಾಲ ಯಾವುದು ಅಂತ ತೋರ್ಸೋ ಕಲಿಕಾ ಏಣಿ ಅದ, ತಲಿ ಮ್ಯಾಲ ಹುಡುಗೂರ ಚಿತ್ರ ತೂಗಹಾಕೋ ಚಪ್ಪರ ಅದ, ಅಷ್ಟರಾಗ ಪಾಠ ನಡೀತದ, ಖರೇ ಹೇಳ್ಬೇಕಂದ್ರ ಚಲೋನ ನಡೀತದ. ಆದ್ರ ಬ್ಯಾಸಗಿ ಸೂಟಿಯೊಳಗ, 42 ಡಿಗ್ರಿ ಬಿಸಲಾಗ ಮನ್ಯಾಗ ಕುಂತು ಮೊಬೈಲ್ ಒತ್ಕೋತ ಇರೋ ಹೆಣ್ಮಗಳಿಗೆ "ಫ್ರೀ ಪ್ರಿಂಟೇಬಲ್ಸ್", ಅಂದ್ರ ಪುಕ್ಕಟ ಇಳಿಸ್ಕೊಂಡು ಪ್ರಿಂಟ್ ಹಾಕೋ ಹಾಳಿ, ಅಂತ ಒಂದು ಕಂಡ್ರ ಏನಾಗ್ತದ ನಿಮಗ ಗೊತ್ತಿರಬೇಕು. ಸೀರಿ ಅಂಗಡ್ಯಾಗ ಸೇಲ್ ಬೋರ್ಡ್ ಕಂಡಂಗ ಆಗ್ತದ. ಒಂದು ಡೌನ್‌ಲೋಡ್ ಮಾಡಿದ್ರ ಅದರ ಬಾಜೂಕ ಇನ್ನ ಹತ್ತು ತೋರಸ್ತದ, ಬಣ್ಣದ ಕಾರ್ಡು, ಎಣಿಸೋ ಕಾರ್ಡು, ಬಿಂಗೊ, ಗೊಂಬಿ ಮುಖವಾಡ, ಗೋಡಿ ಮ್ಯಾಲ ಹಚ್ಚೋ ನಿಯಮ, ಮಕ್ಕಳ ಹುಟ್ಟುಹಬ್ಬದ ರೈಲುಗಾಡಿ. ಮೇ ಮುಗಿಯೋದ್ರೊಳಗ ಮೊಬೈಲ್‌ನ್ಯಾಗ 300ಕ್ಕೂ ಹೆಚ್ಚು ಫೈಲ್ ತುಂಬಿ, ನಮ್ಮವ್ವನ ಫೋನ್ ಬಂದ್ರೂ ಸ್ಟೋರೇಜ್ ಫುಲ್ ಅಂತ ಮೊಬೈಲ್ ಗೊಣಗಲಿಕತ್ತು.

ಪುಕ್ಕಟ ಕೊಡೋರು ಮೊದಲ ಇಮೇಲ್ ಕೇಳ್ತಾರ. ಕೊಟ್ಟೆ. ಈಗ ನಮ್ಮ ಸಾಲಿ ಸುರು ಆಗಿ ಎರಡು ತಿಂಗಳಾಗಿ ಹುಡುಗೂರ ಹೊಸಾ ಪಾಟಿ ಒಡದ ಮ್ಯಾಲ, ಆಗಸ್ಟ್‌ನ್ಯಾಗ, "ಸಾಲಿ ಸುರು ಆಗ್ಲಿಕತ್ತದ, ತಯಾರಾದಿರೇನು" ಅಂತ ಅಮೆರಿಕಾದಿಂದ ನನಗ ಪತ್ರ ಬರ್ತಾವ. ನವೆಂಬರ್‌ನ್ಯಾಗ ನಾವು ರಾಜ್ಯೋತ್ಸವದ ಗಡಿಬಿಡಿಯೊಳಗ ಇದ್ರ ಅವರು ತಮ್ಮ ಹಬ್ಬದ ಟರ್ಕಿ ಕೋಳಿಗೆ ಬಣ್ಣ ತುಂಬ್ರಿ ಅಂತ ಕಳಸ್ತಾರ. ಒಮ್ಮೆ ಅದನ್ನೂ ಕೊಟ್ಟೆ, ಹುಡುಗೂರು ನವಿಲಂತ ತಿಳಕೊಂಡು ನೀಲಿ ಬಣ್ಣ ಬಡದು ಇಟ್ರು.

ಇರಲಿ. ಒಂದು ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ಬಸ್ ಹತ್ತಿ ವಿಜಯಪುರದ ಗಾಂಧಿ ಚೌಕಕ್ಕ ಹೋದೆ. ಬ್ಯಾಗಿನ್ಯಾಗ ಪೆನ್‌ಡ್ರೈವ್, ಮತ್ತ ತವರಮನಿಯಿಂದ ಬಂದಿದ್ದ ಶೇಂಗಾ ಹೋಳಗಿ ಡಬ್ಬಿ. ಈ ಡಬ್ಬಿ ನೆನಪಿಟ್ಕೊಳ್ರಿ.

ಝರಾಕ್ಸ್ ಅಂಗಡಿ ಹುಡುಗ ಮೊದಲನೇ ಫೈಲ್ ತಗದು, "ಅಕ್ಕಾರ, ಇದು ಯಾವ ಭಾಷಾ? ಫ್ರೆಂಚ್ ಏನ್ರೀ?" ಅಂದ. ನೋಡಿದ್ರ ನಮ್ಮ ಗ್ರೂಪಿನ್ಯಾಗ ಯಾರೋ ಮಾಸ್ತರು ಹಳೇ "ನುಡಿ" ಫಾಂಟಿನ್ಯಾಗ ಟೈಪ್ ಮಾಡಿ ಕಳಿಸಿದ್ದ ಕಾಗುಣಿತದ ಫೈಲು. ಹಳೇ ನುಡಿ ಫಾಂಟ್ ಅಂದ್ರ ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡದ ಆಕಾರ ಕೂಡ್ಸಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನ್ಯಾಗ ತಗದ್ರ ಸೆರಗು ಜಾರಿದಂಗ ಕನ್ನಡ ಜಾರಿ ಕೆಳಗಿನ ಇಂಗ್ಲಿಷ್ ಕಾಣ್ತದ, ಅದೂ ತಲಿ ಮ್ಯಾಲ ಕೊಂಬು, ಚುಕ್ಕಿ ಇದ್ದ ಇಂಗ್ಲಿಷ್. ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಯುನಿಕೋಡ್‌ನ್ಯಾಗ ಟೈಪ್ ಮಾಡಿದ್ರ, ಇಲ್ಲಾ ಫಾಂಟ್ ಸಮೇತ ಪಿಡಿಎಫ್ ಮಾಡಿ ಕಳಿಸಿದ್ರ ಈ ಮಾನಗೇಡಿತನ ಇರ್ತಿರ್ಲಿಲ್ಲ. ಗ್ರೂಪಿನ್ಯಾಗ ಇದನ್ನ ನಾಲ್ಕು ಸಲ ಬರದೀನಿ, ಎಲ್ಲಾರೂ ಹೆಬ್ಬಟ್ಟು ಒತ್ತಿ ಮತ್ತ ನುಡಿ ಫೈಲ್ ಕಳಸ್ಯಾರ.

ಆಮ್ಯಾಲ ರೇಟು. ಕಲರ್ ಒಂದು ಹಾಳಿಗೆ 10 ರೂಪಾಯಿ, ಬ್ಲಾಕ್ ಅಂಡ್ ವೈಟ್ 2 ರೂಪಾಯಿ, ಲ್ಯಾಮಿನೇಶನ್ 20. ಹಿಂದ ಸರ್ವ ಶಿಕ್ಷಾ ಅಭಿಯಾನದಾಗ ಕಲಿಕೋಪಕರಣಕ್ಕಂತ ಒಬ್ಬೊಬ್ಬ ಶಿಕ್ಷಕರಿಗೆ ವರ್ಷಕ್ಕ 500 ರೂಪಾಯಿ ಕೊಡ್ತಿದ್ರು, ಈಗ ಅದೂ ನೆನಪಷ್ಟ. ಅದಕ್ಕ ಜಾಣತನ ಮಾಡಿ ಚಂದ ಚಂದ ಇದ್ದದ್ದನ್ನ ಕಲರ್ ಮಾಡ್ಸಿ ಉಳಿದದ್ದನ್ನ ಬ್ಲಾಕ್ ಅಂಡ್ ವೈಟ್ ತಗಿ ತಮ್ಮಾ ಅಂದೆ. ಅಂವ ಸಾಲಾಗಿ ತಗದ. ಅದರಾಗ "ಕೆಂಪು ಬಣ್ಣದ ವಸ್ತುವಿಗೆ ಗೋಲ ಹಾಕಿರಿ" ಅನ್ನೋ ಹಾಳಿ ಸೈತ ಬ್ಲಾಕ್ ಅಂಡ್ ವೈಟ್ ಆಗಿ ಬಂತು, 27 ಪ್ರತಿ. ಸಾಲ್ಯಾಗ ಹಂಚಿದ ಮ್ಯಾಲ ನನಗ ಗೊತ್ತಾತು. ಒಬ್ಬಾಂವ ಬಂದು, "ಅಕ್ಕೋರ, ಎಲ್ಲಾ ಬೂದಿ ಬಣ್ಣದು ಅದಾವ್ರೀ, ಯಾವುದಕ್ಕ ಹಾಕೂಣು?" ಅಂದ. ನಿನಗ ತಿಳಿದದ್ದಕ್ಕ ಹಾಕಪ ಅಂದೆ, ಮತ್ತೇನ ಅನ್ಲಿ.

ವರ್ಣಮಾಲಿ ಚಾರ್ಟ್ ಚಂದ ಬಂದಿತ್ತು, ಖರೇ. ಆದ್ರ ನಲಿಕಲಿ ಹುಡುಗೂರು ಅ ಆ ಇ ಈ ದಿಂದ ಸುರು ಮಾಡೂದಿಲ್ಲ, ರ ಗ ಸ ದ ಅ ದಿಂದ ಸುರು ಮಾಡ್ತಾರ, ಅಷ್ಟ ಅಕ್ಷರದಾಗ ಸರ, ಗರಗಸ, ದಸರ ಅಂತ ಓದಿಬಿಡ್ತಾರ. ಅವರಿಗೆ ಈ ಚಾರ್ಟ್ ತೋರಿಸಿ "ರ ಎಲ್ಲಿ ಅದ ಹುಡುಕ್ರಿ" ಅಂದ್ರ, ಅದು ಕೆಳಗ ಯ ಆದ ಮ್ಯಾಲ ಕುಂತಿತ್ತು, ಹುಡುಕೂದ್ರಾಗ ಊಟದ ಗಂಟಿ ಹೊಡೀತು.

ಇಂಗ್ಲಿಷ್ ಕಾರ್ಡಿನ ದಿನ ಮಾತ್ರ ನನಗ ಮರಿಯೂದಿಲ್ಲ. ಐ ಫಾರ್ ಇಗ್ಲೂ. ಬಿಳೀ ಗುಮ್ಮಟ, ಮುಂದ ಒಂದು ಸಣ್ಣ ಬಾಗಲ. ನಾ ಬಾಯಿ ತಗಿಯೋದ್ರೊಳಗ ಅರ್ಧ ಖೋಲಿ "ಗೋಲಗುಮ್ಮಟಾ!" ಅಂತ ಒದರಿತು. ಅಲ್ರಪಾ, ಇದು ಬರ್ಫದ ಮನಿ, ಥಂಡಿ ದೇಶದಾಗ ಕಟ್ತಾರ ಅಂತ ಹೇಳಿದೆ. ಒಬ್ಬಾಕಿ ಎದ್ದು "ನಾಕೂ ಮೂಲಿ ಮಿನಾರ ಎಲ್ಲಿ ಹ್ವಾದ್ವು ಅಕ್ಕೋರ?" ಅಂದ್ಲು. ಇನ್ನೊಬ್ಬಾಂವ, "ಒಳಗ ಹೋಗಿ ಕೂಗಿದ್ರ ಏಳ ಸಲ ಕೇಳಸ್ತದೇನ್ರೀ?" ಬರ್ಫ ಅಂದ್ರ ಏನಂತ ತಿಳಿಸ್ಲಿಕ್ಕ ಐಸ್‌ಕ್ಯಾಂಡಿಗೆ ಹೋದೆ, ಐಸ್‌ಕ್ಯಾಂಡಿ ಮನಿ ಅಂದ್ರ ಬಿಸಲಾಗ ಕರಗೂದಿಲ್ಲೇನು ಅಂತ ಕೇಳಿದ್ರು, ಅಲ್ಲಿ ಬಿಸಲ ಇರೂದಿಲ್ಲ ಅಂದ್ರ ಯಾರೂ ನಂಬಲಿಲ್ಲ. ಬಿಸಲಿಲ್ಲದ ಊರು ಎಲ್ಲಿರ್ತದ್ರೀ ಅಂತ ನಕ್ಕು ಕುಂತ್ರು. ಸಂಜಿಗೆ ಒಬ್ಬಾಂವ ಪಾಟಿ ಮ್ಯಾಲ ಇಗ್ಲೂ ಬರದು, ಎರಡೂ ಬಾಜೂಕ ಮಿನಾರ ಕಟ್ಟಿ ದುರಸ್ತಿ ಮಾಡಿ ತಂದು ತೋರ್ಸಿದ.

ಅಳತಿ ಪಟ್ಟಿದು ಬ್ಯಾರೆ ಕಥಿ, ಅದರಾಗ ನನ್ನ ಮರ್ಯಾದಿ ಹೋತು. ಕತ್ತರಿಸಿ ಬಳಸೋ 15 ಸೆಂಟಿಮೀಟರ್ ಪಟ್ಟಿ, ಒಂದ ಹಾಳ್ಯಾಗ ಆರು. ಮೂರನೇತ್ತಾದವರಿಗೆ ಕೊಟ್ಟು ಪಾಟಿ ಉದ್ದ ಅಳೀರಿ ಅಂದೆ. ಕಾಗದದ ಪಟ್ಟಿಯವರು 30 ಅಂದ್ರು, ಕಂಪಾಸ್ ಬಾಕ್ಸಿನ ಸ್ಕೇಲಿನವರು 29 ಅಂದ್ರು. ಪಾಟಿ ಒಂದ. ನಾ ದೊಡ್ಡ ನ್ಯಾಯಾಧೀಶಳಂಗ "ಪ್ರಿಂಟ್ ಆಗಿ ಬಂದದ್ದು ತಪ್ಪಿರೂದಿಲ್ಲ, ಸ್ಕೇಲ್ ತುದಿ ಸವದಿರಬೇಕು" ಅಂತ ತೀರ್ಪು ಕೊಟ್ಟೆ. ಮರುದಿನ ಗೌಂಡಿ ಮಗ ಅಪ್ಪನ ಟೇಪ್ ತಗೊಂಡು ಬಂದ. ಮಾತಾಡ್ಲಿಲ್ಲ, ಪಾಟಿ ಮ್ಯಾಲ ಟೇಪ್ ಎಳದು ನನ್ನ ಮಾರಿ ನೋಡಿದ. 29.

ರಾತ್ರಿ ಕುಂತು ನೋಡ್ದಾಗ ತಿಳೀತು, ಆ ಫೈಲ್ ಅಮೆರಿಕಾದ ಲೆಟರ್ ಸೈಜಿಂದು, ಎಂಟೂವರಿ ಇಂಚ್ ಅಗಲ, 11 ಇಂಚ್ ಉದ್ದ. ನಮ್ಮ ಎ4 ಹಾಳಿ 210 ಮಿಲಿಮೀಟರ್ ಅಗಲ, ಅದಕ್ಕಿಂತ ಆರು ಮಿಲಿಮೀಟರ್ ಸಪೂರ. ಅಂಗಡಿ ಹುಡುಗ "ಫಿಟ್" ಅಂತ ಒತ್ತಿದ್ದ, ಪ್ರಿಂಟರ್ ಎಲ್ಲಾನೂ 100ಕ್ಕ 97 ಮಾಡಿ ಕುಗ್ಗಿಸಿತ್ತು. "ಆಕ್ಚುವಲ್ ಸೈಜ್" ಅನ್ನೋದನ್ನ ಒತ್ತಬೇಕಿತ್ತಂತ. ಸೇಬಿನ ಚಿತ್ರ ಕುಗ್ಗಿದ್ರ ಯಾರಿಗೂ ಗೊತ್ತಾಗೂದಿಲ್ಲ, ಸೆಂಟಿಮೀಟರ್ ಕುಗ್ಗಿದ್ರ ಗೌಂಡಿ ಮಗನಿಗೆ ಗೊತ್ತಾಗ್ತದ. ಒಂದು ವಾರ ಅಂವ ಆ ಟೇಪ್ ಸಾಲಿಗೆ ತಂದು ನಾ ಬೋರ್ಡ್ ಮ್ಯಾಲ ಎಳದ ಗೆರಿ ಸೈತ ಅಳದ.

ಈಗ ಹೋಳಗಿ ಡಬ್ಬಿ. ಲ್ಯಾಮಿನೇಶನ್ ಅಂದ್ರ ಎರಡು ಪ್ಲಾಸ್ಟಿಕ್ ಹಾಳಿ ನಡುವ ಕಾಗದ ಇಟ್ಟು ಬಿಸಿ ರೋಲರ್‌ನ್ಯಾಗ ಬಿಟ್ರ ಅಂಟಿ ಬರ್ತದ, ಒಳಗ ಹೊಕ್ಕಿದ್ದು ಕಾಯಂ. ಮೊದಲ ಕಾರ್ಡ್ ಕತ್ತರಿಸಿ, ಸುತ್ತ ಅಂಚು ಬಿಟ್ಟು ಆಮ್ಯಾಲ ಲ್ಯಾಮಿನೇಟ್ ಮಾಡಿದ್ರ ಬಾಳಿಕಿ ಬರ್ತದ. ನಾ ಅವಸರಕ್ಕ ಇಡೀ ಹಾಳಿ ಮಾಡ್ಸಿ ಮನ್ಯಾಗ ಕತ್ತರಿಸಿದೆ, ಎಂಟು ದಿನದಾಗ ಅರ್ಧ ಕಾರ್ಡು ಬಾಯಿ ಬಿಟ್ಟು ನೀರು ಹೊಕ್ಕು ಉಬ್ಬಿದ್ವು. ಉಳಿದ ಗಟ್ಟಿ ಕಾರ್ಡುಗಳೊಳಗ ಒಂದು, ಐದು ಸೇಬಿಂದು. ಅದರ ಮೂಲ್ಯಾಗ ಒಂದು ಕೆಂಪಿರುವಿ, ಕಾಲು ಮೀಸಿ ಸಮೇತ, ನಡ್ಕೋತ ಹೊಂಟಾಗ ಹಂಗ ನಿಂತಂಗ. ಅಂಗಡಿಗೆ ಹೋಗೋ ಮುಂದ ಹೋಳಗಿ ವಾಸನಿಗೆ ಬ್ಯಾಗಿನ್ಯಾಗ ಹತ್ತಿ, ಪ್ರಿಂಟ್ ಇಸ್ಕೊಂಡು ಬ್ಯಾಗ್ ಮ್ಯಾಲ ಇಟ್ಟಾಗ ಅದರ ಮ್ಯಾಲ ಬಂದಿರಬೇಕು. ನಾ ನೋಡಿದ್ದೆ. 20 ರೂಪಾಯಿ ಕಾರ್ಡ್ ಯಾಕ ಒಗೀಲಿ ಅಂತ ಹಂಗ ಬಿಟ್ಟಿದ್ದೆ.

ಸಿಆರ್‌ಪಿ ಸರ್, ಅಂದ್ರ ನಮ್ಮ ಕ್ಲಸ್ಟರಿನ ಸುತ್ತಲಿನ ಸಾಲಿಗಳನ್ನ ನೋಡ್ಕೊಳ್ಳೋರು, ಬಂದ ದಿನ ನೂರೆಂಟು ಕಾರ್ಡಿನ್ಯಾಗ ಅವರ ಕೈಗೆ ಅದ ಬರಬೇಕಾ. ಒಂದನೇತ್ತಾದ ಹುಡುಗಿಗೆ, ಬಾಯಿ ಬಿಡೂದ ಅಪರೂಪ ಆಕಿ, ತೋರ್ಸಿ "ಎಷ್ಟ ಅದಾವವಾ?" ಅಂದ್ರು.

"ಆರ್ರೀ."

"ಇನ್ನೊಮ್ಮೆ ಎಣಿಸು."

ಆಕಿ ಬಟ್ಟ ಇಟ್ಟು ಒಂದ, ಎರಡ, ಮೂರ, ನಾಕ, ಐದ ಅಂತ ಸೇಬು ಎಲ್ಲಾ ಮುಗಿಸಿ, ಬಟ್ಟ ಸಾವಕಾಶ ಮೂಲಿಗೆ ಜಾರ್ಸಿ, "ಆರ" ಅಂದ್ಲು. ಸರ್ ಪೆನ್ ತಗದು ವಹಿಯೊಳಗ ಏನೋ ಬರೀಲಿಕ್ಕ ಸುರು ಮಾಡಿದ್ರು. ನಾ ಅವರ ಹಿಂದ ನಿಂತು ಐದು ಬೆರಳು ತೋರ್ಸಿದೆ, ಆಕಿ ನನ್ನ ಕಡೆ ನೋಡಿ, ಅಕ್ಕೋರಿಗೆ ಎಣಿಸಲಿಕ್ಕ ಬರೂದಿಲ್ಲಲ್ಲಾ ಅನ್ನೋ ಹಂಗ ಕಣ್ಣು ಸಣ್ಣ ಮಾಡಿದ್ಲು.

ಕಡೀಕ ಸರ್ ಚಾಳೀಸು ಮ್ಯಾಲೆತ್ತಿ, ಕಾರ್ಡ್ ಕಿಟಕಿ ಬೆಳಕಿಗೆ ಹಿಡದು, ಉಗುರಿಲೆ ಕೆರದು ನೋಡಿದ್ರು. ಬರ್ಲಿಲ್ಲ.

"ಮೇಡಂ, ಇದೇನ್ರೀ?"

"ಇರುವಿ ಸರ್."

"ಪಿಡಿಎಫ್‌ನ್ಯಾಗ ಬಂದದ್ದೇನು?"

"ಇಲ್ರೀ ಸರ್, ಶೇಂಗಾ ಹೋಳಗಿ ಡಬ್ಬಿಯಿಂದ."

ಸರ್ ಬರದದ್ದನ್ನ ಅಡ್ಡಗೆರಿ ಹೊಡದು, ಹುಡುಗಿ ತಲಿ ಮ್ಯಾಲ ಕೈ ಇಟ್ಟು, ಆ ಕಾರ್ಡಿಂದು ಒಂದು ಫೋಟೋ ತಗೊಂಡು ಕ್ಲಸ್ಟರ್ ಗ್ರೂಪಿಗೆ ಹಾಕಿದ್ರು. ರಾತ್ರಿ ಹತ್ತಕ್ಕ ಬಾಜೂ ಊರಿನ ಸಾಲಿ ಅಕ್ಕೋರದು ನನಗ ಮೆಸೇಜ್ ಬಂತು: "ಭಾಳ ಚಂದ ಅದರೀ ಕಾರ್ಡು, ಇರುವಿ ಅಂತೂ ಒರಿಜಿನಲ್ ಇದ್ದಂಗ ಅದ. ಪಿಡಿಎಫ್ ಇದ್ರ ಕಳಸ್ರಿ."